ಹಳೆ ಜೀಪ್ ಚೆರೋಕಿಯ ಹಿಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್: ಡ್ರಮ್ ಬಿಚ್ಚುವುದರಿಂದ ಹ್ಯಾಂಡ್‌ಬ್ರೇಕ್ ಪರೀಕ್ಷೆಯವರೆಗೆ

ಡ್ರಮ್ ಬ್ರೇಕಿಗೂ ಕೆಸರಿಗೂ ಆಗಿಬರುವುದಿಲ್ಲ. ಒಂದು ಹಳ್ಳ ದಾಟಿದರೆ ಸಾಕು, ಡ್ರಮ್ಮಿನ ಒಳಗೆ ನೀರು ಸೇರುತ್ತದೆ. ನಾಲ್ಕಾರು ಸಲ ಪೆಡಲ್ ಒತ್ತಿ ಒಣಗಿಸುವವರೆಗೆ ಹಿಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ. ಕೆಸರು ಹೋದರೆ ಇನ್ನೂ ತೊಂದರೆ. ಒಳಗೆ ಹೋದದ್ದಕ್ಕೆ ಹೊರಗೆ ಬರುವ ದಾರಿ ಇಲ್ಲ. ಅಲ್ಲೇ ಕೂತು ಶೂಗಳನ್ನೂ (ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಪಟ್ಟಿಗಳು) ಡ್ರಮ್ಮನ್ನೂ ಅರೆಯುತ್ತಾ ಇರುತ್ತದೆ. ಡಿಸ್ಕ್ ಹಾಗಲ್ಲ. ಅದು ಬಯಲಿನಲ್ಲಿರುತ್ತದೆ. ಚಕ್ರ ಕೆಲವು ಸುತ್ತು ತಿರುಗುವಷ್ಟರಲ್ಲಿ ನೀರು ಸಿಡಿದು ಹೋಗುತ್ತದೆ, ಉಳಿದದ್ದನ್ನು, ಡಿಸ್ಕನ್ನು ಎರಡೂ ಕಡೆಯಿಂದ ಒತ್ತುವ ಪ್ಯಾಡ್ ಒರೆಸುತ್ತದೆ.

ಹಿಂದೆ ಡಿಸ್ಕ್ ಹಾಕಿಸಲು ಇದೇ ನಿಜವಾದ ಕಾರಣ. ಒಣ ಡಾಂಬರು ರಸ್ತೆಯಲ್ಲಿ ಗಾಡಿ ಬಹಳ ಬೇಗ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಸರಿಯಾಗಿ ಹೊಂದಿಸಿದ ಡ್ರಮ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ನಿಮ್ಮ ಗಾಡಿ ಕಾಡು ದಾರಿ, ಹಳ್ಳ, ಕೆಸರು ಅಂತ ಓಡಾಡದಿದ್ದರೆ ಹೊಸ ಶೂ, ಶೂಗಳನ್ನು ತಳ್ಳುವ ಹೊಸ ವೀಲ್ ಸಿಲಿಂಡರ್ ಹಾಕಿಸಿ ಸುಮ್ನೆ ಇರಬಹುದು. ಅದು ಕಮ್ಮಿ ಖರ್ಚಿನ ಕೆಲಸ, ತಪ್ಪೂ ಅಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಈ ಕೆಲಸದಲ್ಲಿ ಡಿಸ್ಕ್ ಕೂರಿಸುವುದು ಸುಲಭದ ಭಾಗ. ಕಷ್ಟ ಇರುವುದು ಎರಡು ಕಡೆ: ಹ್ಯಾಂಡ್‌ಬ್ರೇಕ್ ಮತ್ತು ಮುಂದೆ ಹಿಂದೆ ಒತ್ತಡ ಹಂಚುವ ವಾಲ್ವ್. ಡಿಸ್ಕ್ ಹೊಳೆಯುತ್ತಿದೆ, ಗಾಡಿ ನಿಲ್ಲುತ್ತಿದೆ ಅಂತ ಇವೆರಡನ್ನು ಅರ್ಧಕ್ಕೆ ಬಿಟ್ಟ ಗಾಡಿಗಳು ಬೇಕಾದಷ್ಟು ಓಡಾಡುತ್ತಿವೆ. ನನ್ನ ಲೆಕ್ಕದಲ್ಲಿ ಅವು ಮೊದಲಿಗಿಂತ ಅಪಾಯದ ಗಾಡಿಗಳು.

ಯಾವ ಗಾಡಿ, ಯಾವ ಆಕ್ಸಲ್

ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ 1984ರಿಂದ 2001ರ ಮಾಡೆಲ್‌ವರೆಗೆ ಬಂದ ಚೌಕಟ್ಟಾದ ಜೀಪ್ ಚೆರೋಕಿಗೆ, ಅಂದರೆ ಎಕ್ಸ್‌ಜೆ ಅಂತ ಕರೆಯುವ ಗಾಡಿಗೆ. ಅಲ್ಲಿರುವ ನಮ್ಮವರಲ್ಲಿ ಕಾಡು ದಾರಿಯ ಹುಚ್ಚು ಹಿಡಿದವರು ಮೊದಲು ಕೊಳ್ಳುವುದು ಬಹಳ ಸಲ ಇದನ್ನೇ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಇದಕ್ಕೆ ಬೇಕಾದ ಸಾಮಾನು ಇದರ ಅಣ್ಣನ ಹತ್ತಿರವೇ ಸಿಗುತ್ತದೆ: 1993ರಿಂದ 1998ರವರೆಗಿನ ಗ್ರ್ಯಾಂಡ್ ಚೆರೋಕಿ, ಅಂದರೆ ಝಡ್‌ಜೆ. ಅದರಲ್ಲಿ ಹಿಂದೆ ಡಿಸ್ಕ್ ಇರುವ ಗಾಡಿ ನೋಡಿ ಆರಿಸಿಕೊಳ್ಳಿ. ಶುರುವಿನ ವರ್ಷಗಳ ಕೆಲವಕ್ಕೆ ಡ್ರಮ್ಮೂ ಇತ್ತು.

ನಿಮ್ಮ ಗಾಡಿಯ ಹಿಂದೆ ಮಂಡಿಯೂರಿ ಆಕ್ಸಲ್ ನಡುವಿನ ಗೇರ್ ಗೂಡಿನ, ಅಂದರೆ ಡಿಫರೆನ್ಷಿಯಲ್‌ನ, ಕವರ್ ನೋಡಿ. ಮೊಟ್ಟೆಯಾಕಾರವಾಗಿದ್ದರೆ ಅದು ಡಾನಾ 35. ದುಂಡಗಿದ್ದು ಕೆಳಗಿನ ಅಂಚು ಮಾತ್ರ ನೇರವಾಗಿದ್ದರೆ ಕ್ರೈಸ್ಲರ್ 8.25. ಈ ಎರಡೇ ಜಾಸ್ತಿ ಸಿಗುವುದು. ಎಂಬತ್ತರ ದಶಕದ ಕೊನೆಯ ಕೆಲವು ಗಾಡಿಗಳಲ್ಲಿ ಡಾನಾ 44 ಇದೆ. ಡಾನಾ 35ಕ್ಕೆ ಝಡ್‌ಜೆಯ ಬ್ರ್ಯಾಕೆಟ್, ಅಂದರೆ ಡಿಸ್ಕ್ ಬ್ರೇಕಿನ ಭಾಗಗಳನ್ನು ಹಿಡಿಯುವ ಪ್ಲೇಟ್, ನೇರವಾಗಿ ಕೂರುತ್ತದೆ. 8.25ರಲ್ಲಿ ಬೋಲ್ಟಿನ ನಾಲ್ಕು ತೂತು ಹೊಂದುತ್ತವೆ, ನಡುವಿನ ದೊಡ್ಡ ತೂತನ್ನು ಮಾತ್ರ ಸ್ವಲ್ಪ ಉಜ್ಜಿ ಅಗಲ ಮಾಡಬೇಕು.

ಡಾನಾ 35 ಇಟ್ಟುಕೊಂಡು 33 ಇಂಚಿನ ಟೈರ್ ಹಾಕುವ ಯೋಚನೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ಆ ಆಕ್ಸಲ್ ಅಷ್ಟು ಭಾರಕ್ಕೆ ತಡೆಯುವುದಿಲ್ಲ, ಅದರ ಮೇಲೆ ಹಾಕಿದ ದುಡ್ಡು ವ್ಯರ್ಥ. 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಆಕ್ಸಲ್ ಡಿಸ್ಕ್ ಸಮೇತ ಸಿಗುತ್ತದೆ, ಚಕ್ರದ ಐದು ಬೋಲ್ಟು ಕೂರುವ ವೃತ್ತದ ಅಳತೆಯೂ ಒಂದೇ, 4.5 ಇಂಚು. ಆದರೆ ಪಟ್ಟಿ ಸ್ಪ್ರಿಂಗ್ ಕೂರುವ ಜಾಗವನ್ನು ಹೊಸದಾಗಿ ವೆಲ್ಡ್ ಮಾಡಿಸಬೇಕು. ಅದು ಬೇರೆಯದೇ ಕೆಲಸ.

ಎಬಿಎಸ್ ಇರುವ ಗಾಡಿಯಾದರೆ ಈ ದಾರಿ ಬೇಡ. ಅದರ ಸೆನ್ಸರ್, ವಾಲ್ವ್ ಎಲ್ಲ ಬೇರೆ ಲೆಕ್ಕದವು.

ಊರಿನಲ್ಲಿ ಓದುತ್ತಿರುವವರಿಗೂ ಒಂದು ಮಾತು. ಮಾರುತಿ ಜಿಪ್ಸಿ, 2020ರಲ್ಲಿ ಬಂದ ಥಾರ್, ಜಿಮ್ನಿ, ಮೂರರಲ್ಲೂ ಹಿಂದೆ ಡ್ರಮ್ಮೇ. ಸಕಲೇಶಪುರದ ಮಳೆಗಾಲದ ಕೆಸರಿನಲ್ಲಿ ಓಡಿಸಿದವರಿಗೆ ಅದರ ಕಷ್ಟ ಗೊತ್ತು. ಕೆಲಸದ ತತ್ವ ಇಲ್ಲಿ ಹೇಳಿದ್ದೇ, ಆದರೆ ಸಾಮಾನು ಬೇರೆ, ಕಾನೂನೂ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸ್ಪಾನರ್ ಹಿಡಿಯುವ ಮೊದಲು ಆರ್‌ಟಿಒದಲ್ಲಿ ಬರಹದಲ್ಲಿ ಕೇಳಿ, ವಿಮಾ ಕಂಪನಿಗೂ ತಿಳಿಸಿ.

ಸಾಮಾನು ಕೂಡಿಸುವುದು

ಹಳೆ ಗಾಡಿಗಳ ಯಾರ್ಡ್‌ನಿಂದ ತರಬೇಕಾದದ್ದು ಕಡಿಮೆ. ಎರಡೂ ಬದಿಯ ಬ್ಯಾಕಿಂಗ್ ಪ್ಲೇಟ್, ಅಂದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿಯುವ ಬ್ರ್ಯಾಕೆಟ್ ಜೊತೆಗೆ ಒಳಗಿನ ಹ್ಯಾಂಡ್‌ಬ್ರೇಕ್ ಶೂಗಳ ಲಿವರ್, ಸ್ಪ್ರಿಂಗ್, ಅಡ್ಜಸ್ಟರ್ ಎಲ್ಲ ಸೇರಿದ್ದು. ಹ್ಯಾಂಡ್‌ಬ್ರೇಕ್ ಕೇಬಲ್ ಎರಡು. ಮುಂದೆ ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ) ಕೆಳಗಿರುವ ಕಾಂಬಿನೇಷನ್ ವಾಲ್ವ್, ಅಂದರೆ ಆಗಲೇ ಹೇಳಿದ ಒತ್ತಡ ಹಂಚುವ ವಾಲ್ವ್, ಒಂದು. ಇದನ್ನು ಬಹಳ ಜನ ಮರೆಯುತ್ತಾರೆ. ಬ್ರೇಕ್ ಹೋಸ್ ಹಿಡಿದಿಟ್ಟ ಕ್ಲಿಪ್ಪು, ಕೊಂಡಿಗಳನ್ನೂ ಬಿಡಬೇಡಿ, ಹೊರಗೆ ಹುಡುಕಿದರೆ ಸಿಗುವುದಿಲ್ಲ.

ಈ ಗಾಡಿಗಳಿಗೆ ಈಗ ಮೂವತ್ತು ವರ್ಷದ ಆಸುಪಾಸು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಗಾಡಿಯ ಬ್ಯಾಕಿಂಗ್ ಪ್ಲೇಟ್ ತುಕ್ಕು ಹಿಡಿದು ಹಾಳೆಯ ಹಾಗೆ ಎದ್ದಿರುತ್ತದೆ. ಹ್ಯಾಂಡ್‌ಬ್ರೇಕ್ ಶೂಗಳನ್ನು ಹಿಡಿದಿಡುವ ಪಿನ್ ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಅಲ್ಲಿ ತಗಡು ಮೆತ್ತಗಿದ್ದರೆ ತರಬೇಡಿ, ಎಷ್ಟೇ ಅಗ್ಗವಾದರೂ. ಅರಿಝೋನಾದಂಥ ಒಣ ಸೀಮೆಯ ಗಾಡಿಯ ಪ್ಲೇಟ್ ತರಿಸಿಕೊಳ್ಳುವುದು ಸಾರ್ಥಕ.

ಕ್ಯಾಲಿಪರ್, ಪ್ಯಾಡ್, ಡಿಸ್ಕ್, ಹ್ಯಾಂಡ್‌ಬ್ರೇಕ್ ಶೂ, ರಬ್ಬರ್ ಹೋಸ್, ಹೋಸಿನ ಬೋಲ್ಟಿಗೆ ತಾಮ್ರದ ವಾಷರ್, ಇವೆಲ್ಲ ಹೊಸದೇ ಇರಲಿ. ಆಕ್ಸಲ್ ಸೀಲ್ ಎರಡು, ಗೇರ್ ಆಯಿಲ್, ಡಾಟ್ 3 ಬ್ರೇಕ್ ಆಯಿಲ್, ಕವರಿಗೆ ಆರ್‌ಟಿವಿ ಸೀಲೆಂಟ್ (ಸೋರದಂತೆ ಹಚ್ಚುವ ಅಂಟು), ಬೋಲ್ಟ್ ಸಡಿಲಾಗದಂತೆ ಹಚ್ಚುವ ಥ್ರೆಡ್ ಲಾಕರ್ ತಂದಿಡಿ. ಬ್ರೇಕ್ ಆಯಿಲ್ ಡಬ್ಬಿ ಒಡೆಯದ್ದೇ ಆಗಬೇಕು. ಮುಚ್ಚಳ ತೆಗೆದಿಟ್ಟದ್ದು ಗಾಳಿಯ ತೇವ ಹೀರಿರುತ್ತದೆ.

ಒಂದೂ ಬಾಕಿ ಇಲ್ಲದೆ ಎಲ್ಲ ಕೈಗೆ ಬಂದ ಮೇಲೆ ಗಾಡಿ ಎತ್ತಿ.

ಬಿಚ್ಚುವುದು

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಹ್ಯಾಂಡ್‌ಬ್ರೇಕನ್ನೇ ಕಳಚುವುದರಿಂದ ಅದನ್ನು ನೆಚ್ಚುವ ಹಾಗಿಲ್ಲ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ. ಜಾಕಿನಿಂದ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು.

ಹಳೆ ಶೂಗಳ ಪುಡಿಯಲ್ಲಿ ಕಲ್ನಾರು ಇರಬಹುದು. ಗಾಳಿ ಹೊಡೆದು ಹಾರಿಸಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ, ಮುಖಕ್ಕೆ ಮಾಸ್ಕ್ ಇರಲಿ. ಅದೇ ಕ್ಲೀನರ್ ತಾಗಿದ ಜಾಗದಲ್ಲಿ ವೆಲ್ಡಿಂಗ್ ಮಾಡಬೇಡಿ. ಕ್ಲೋರಿನ್ ಇರುವ ಕ್ಲೀನರ್‌ನ ಆವಿ ವೆಲ್ಡಿಂಗ್‌ನ ಶಾಖಕ್ಕೆ ವಿಷಗಾಳಿಯಾಗುತ್ತದೆ.

ಡ್ರಮ್ ತೆಗೆಯಿರಿ. ಬರದಿದ್ದರೆ ಒಳಗಿನ ಶೂ ಡ್ರಮ್ಮಿನ ಅಂಚಿಗೆ ಸಿಕ್ಕಿಕೊಂಡಿದೆ ಅಂತ ಅರ್ಥ. ಹಿಂದಿನ ಸಣ್ಣ ಕಿಂಡಿಯಿಂದ ಅಡ್ಜಸ್ಟರ್ ಹಲ್ಲುಚಕ್ರ ತಿರುಗಿಸಿ ಸಡಿಲ ಮಾಡಿ. ವೀಲ್ ಸಿಲಿಂಡರಿಗೆ ಬರುವ ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪಾನರ್ ಹಾಕಿ. ಸಾದಾ ಸ್ಪಾನರ್ ಆ ಮೆತ್ತನೆ ನಟ್ಟನ್ನು ದುಂಡಗೆ ಮಾಡಿಬಿಡುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು.

ಹಳೆ ಬ್ಯಾಕಿಂಗ್ ಪ್ಲೇಟ್ ಆಚೆ ಬರಬೇಕಾದರೆ ಆಕ್ಸಲ್ ಶಾಫ್ಟ್ ಆಚೆ ಬರಲೇಬೇಕು. 8.25ರಲ್ಲಿಯೂ ಈಚಿನ ಡಾನಾ 35ರಲ್ಲಿಯೂ ಶಾಫ್ಟನ್ನು ಒಳಗೆ ಡಿಫರೆನ್ಷಿಯಲ್‌ನಲ್ಲಿ ಸಿ ಆಕಾರದ ಕೊಂಡಿ, ಅಂದರೆ ಸಿ-ಕ್ಲಿಪ್, ಹಿಡಿದಿರುತ್ತದೆ. ಹಳೆಯ ಡಾನಾ 35ರಲ್ಲಿ ಸಿ-ಕ್ಲಿಪ್ ಇಲ್ಲ, ಹೊರಗಿನ ನಾಲ್ಕು ನಟ್ ಬಿಚ್ಚಿದರೆ ಶಾಫ್ಟ್ ಬೇರಿಂಗ್ ಸಮೇತ ಬರುತ್ತದೆ.

ಸಿ-ಕ್ಲಿಪ್ ಇರುವ ಆಕ್ಸಲ್‌ನಲ್ಲಿ ಕೆಲಸ ಹೀಗೆ ಸಾಗುತ್ತದೆ. ಕೆಳಗೆ ತಟ್ಟೆ ಇಟ್ಟು ಕವರ್ ಬೋಲ್ಟ್ ಸಡಿಲಿಸಿ, ಮೇಲಿನ ಒಂದೆರಡನ್ನು ಬಿಟ್ಟುಕೊಂಡು ಆಯಿಲ್ ಇಳಿಸಿ. ಕವರ್ ತೆಗೆದ ಮೇಲೆ ಒಳಗಿನ ಗೂಡನ್ನು ತಿರುಗಿಸಿದರೆ ನಡುವಿನ ಅಡ್ಡ ಪಿನ್ನಿಗೆ ಹಾಕಿದ ಸಣ್ಣ ಲಾಕ್ ಬೋಲ್ಟ್ ಕಾಣುತ್ತದೆ. ಅದಕ್ಕೆ ಸರಿಯಾಗಿ ಕೂರುವ ಸಾಕೆಟ್ಟನ್ನೇ ಹಾಕಿ ನಿಧಾನವಾಗಿ ಬಿಚ್ಚಿ. ಆ ಬೋಲ್ಟ್ ತುಂಡಾದರೆ ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ಬೋಲ್ಟ್ ಬಂದ ಮೇಲೆ ಅಡ್ಡ ಪಿನ್ ಜಾರಿಸಿ ತೆಗೆಯಿರಿ. ಇಲ್ಲಿಂದ ಮುಂದೆ ಶಾಫ್ಟ್ ಆಗಲಿ ಪ್ರೊಪೆಲ್ಲರ್ ಶಾಫ್ಟ್ ಆಗಲಿ ತಿರುಗಿಸಬಾರದು, ಒಳಗಿನ ಚಿಕ್ಕ ಗೇರುಗಳು ಜಾಗ ಬಿಟ್ಟು ಹೊರಳುತ್ತವೆ. ಚಕ್ರದ ಕಡೆಯಿಂದ ಶಾಫ್ಟನ್ನು ಒಳಕ್ಕೆ ತಳ್ಳಿದರೆ ಸಿ-ಕ್ಲಿಪ್ ಬಿದ್ದು ಕೈಗೆ ಬರುತ್ತದೆ. ಈಗ ಶಾಫ್ಟ್ ನೇರವಾಗಿ ಎಳೆಯಿರಿ.

ಶಾಫ್ಟ್ ಹೊರಗಿರುವಾಗ ಅದರ ಬೇರಿಂಗ್ ಓಡುವ ಜಾಗವನ್ನು ಬೆರಳಿನಲ್ಲಿ ಸವರಿ ನೋಡಿ. ಸಿ-ಕ್ಲಿಪ್ ಆಕ್ಸಲ್‌ಗಳಲ್ಲಿ ಬೇರಿಂಗಿನ ರೋಲರ್ ನೇರವಾಗಿ ಶಾಫ್ಟಿನ ಮೇಲೆಯೇ ಓಡುತ್ತದೆ. ಅಲ್ಲಿ ಗುಳಿ ಬಿದ್ದಿದ್ದರೆ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ, ಶಾಫ್ಟೇ ಬದಲಾಗಬೇಕು. ಶಾಫ್ಟ್ ನುಣ್ಣಗಿದ್ದರೂ ಸೀಲ್ ಮಾತ್ರ ಹೊಸದು ಹಾಕಿ. ಸೋರುವ ಸೀಲಿನ ಗೇರ್ ಆಯಿಲ್ ಹೊಸ ಹ್ಯಾಂಡ್‌ಬ್ರೇಕ್ ಶೂ ಮೇಲೆ ಬಿದ್ದರೆ ಶೂ ಎಸೆಯಬೇಕಾಗುತ್ತದೆ.

ಬ್ರ್ಯಾಕೆಟ್, ಡಿಸ್ಕ್, ಕ್ಯಾಲಿಪರ್

ಬ್ರ್ಯಾಕೆಟ್ಟನ್ನು ಆಕ್ಸಲ್ ತುದಿಗೆ ಹಿಡಿದು ನೋಡಿ. 8.25 ಆದರೆ ನಡುವಿನ ತೂತು ಸ್ವಲ್ಪ ಬಿಗಿ. ಡೈ ಗ್ರೈಂಡರ್‌ನಲ್ಲಿ ಸುತ್ತಲೂ ಸಮವಾಗಿ ಉಜ್ಜುತ್ತಾ, ಮತ್ತೆ ಮತ್ತೆ ಹಿಡಿದು ನೋಡುತ್ತಾ ಹೋಗಿ. ಕೂತರೆ ಸಾಕು, ಅಲ್ಲಾಡುವಷ್ಟು ಬೇಡ. ಉಜ್ಜಿದ ಜಾಗಕ್ಕೂ ತುಕ್ಕು ಕೆರೆದ ಜಾಗಕ್ಕೂ ಬಣ್ಣ ಹೊಡೆಯಿರಿ. ಆದರೆ ಆಕ್ಸಲ್ ಮೇಲೆ ಕೂರುವ ಮುಖಕ್ಕೆ ದಪ್ಪ ಬಣ್ಣ ಬೇಡ. ಬಣ್ಣ ಒತ್ತಿಕೊಂಡು ತೆಳುವಾದ ಮೇಲೆ ಬೋಲ್ಟ್ ಸಡಿಲಾಗುತ್ತದೆ.

ಶೂ, ಸ್ಪ್ರಿಂಗ್, ಅಡ್ಜಸ್ಟರ್‌ಗಳನ್ನು ಬ್ರ್ಯಾಕೆಟ್ ಮೇಜಿನ ಮೇಲಿರುವಾಗಲೇ ಜೋಡಿಸಬೇಕೆನಿಸುತ್ತದೆ. ಕೇಬಲ್ ಸಿಕ್ಕಿಸುವುದಕ್ಕೂ ಆಗ ಸುಲಭ. ಆದರೆ ಬ್ರ್ಯಾಕೆಟ್ ಬೋಲ್ಟ್ ಬಿಗಿಮಾಡುವಾಗ ಕೈಗೆ ಜಾಗ ಬೇಕು. ಹಾಗಾಗಿ ಮೊದಲು ಬ್ರ್ಯಾಕೆಟ್ ಬೋಲ್ಟ್ ಮಾಡಿ, ಕೇಬಲ್ ಸಿಕ್ಕಿಸಿ, ಶೂ ಹಾಕಿ, ಆಮೇಲೆ ಶಾಫ್ಟ್ ತೂರಿಸಿ. ಶಾಫ್ಟ್ ಕಟ್ಟಿದ ಮೇಲೆ ಅದರ ಫ್ಲೇಂಜ್ ಅಡ್ಡ ಬಂದು ಶೂ ಹಿಡಿಯುವ ಸ್ಪ್ರಿಂಗ್ ಹಾಕುವುದು ಸಾಕುಸಾಕಾಗುತ್ತದೆ.

ಶಾಫ್ಟ್ ತೂರಿಸುವಾಗ ಭಾರವನ್ನು ಕೈಯಲ್ಲೇ ಹೊತ್ತುಕೊಳ್ಳಿ. ತುದಿಯ ಹಲ್ಲುಗಳು ಸೀಲಿನ ತುಟಿಗೆ ತಾಗಿದರೆ ಹೊಸ ಸೀಲ್ ಅವತ್ತೇ ಹರಿಯುತ್ತದೆ. ಸಿ-ಕ್ಲಿಪ್ ಹಾಕಿ, ಶಾಫ್ಟನ್ನು ಹೊರಕ್ಕೆ ಎಳೆದು ಕ್ಲಿಪ್ ತನ್ನ ಗುಳಿಯಲ್ಲಿ ಕೂತಿದೆಯೇ ಅಂತ ಕಣ್ಣಾರೆ ನೋಡಿ. ಅಡ್ಡ ಪಿನ್, ಥ್ರೆಡ್ ಲಾಕರ್ ಹಚ್ಚಿದ ಲಾಕ್ ಬೋಲ್ಟ್, ಆಮೇಲೆ ಕವರ್. ಕವರ್ ಬೋಲ್ಟಿಗೆ 30 ಅಡಿ-ಪೌಂಡ್ ಸಾಕು. 8.25ಕ್ಕೆ ಸುಮಾರು 2.1 ಲೀಟರ್, ಡಾನಾ 35ಕ್ಕೆ ಸುಮಾರು 1.7 ಲೀಟರ್ ಆಯಿಲ್ ಹಿಡಿಯುತ್ತದೆ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ.

ಈಗ ಡಿಸ್ಕ್ ಹಾಕಿ, ಎರಡು ಚಕ್ರದ ನಟ್ಟಿನಿಂದ ಒತ್ತಿ ಹಿಡಿಸಿ. ನಟ್ ಇಲ್ಲದಿದ್ದರೆ ಡಿಸ್ಕ್ ಓರೆಯಾಗಿ ನಿಂತು ಅಳತೆಯೆಲ್ಲ ತಪ್ಪು ತೋರಿಸುತ್ತದೆ. ಕ್ಯಾಲಿಪರ್ ಕೂರುವ ಜಾಗದ ನಟ್ಟನಡುವೆ ಡಿಸ್ಕ್ ಹಾಯ್ದುಹೋಗಬೇಕು. ಒಂದು ಕಡೆಗೆ ಎದ್ದು ಕಾಣುವಷ್ಟು ವಾಲಿದ್ದರೆ ಬ್ರ್ಯಾಕೆಟ್ ಹಿಂದೆ ಇಡೀ ಮುಖಕ್ಕೆ ತಾಗುವ ಉಕ್ಕಿನ ತಗಡು ಕತ್ತರಿಸಿ ಕೊಡಿ. ನಾಲ್ಕು ಬೋಲ್ಟಿಗೆ ನಾಲ್ಕು ವಾಷರ್ ಹಾಕಿ ಮುಗಿಸುವವರಿದ್ದಾರೆ. ಬ್ರೇಕಿನ ಪೂರ್ತಿ ತಿರುಚು ಬಲ ಬೀಳುವ ಜಾಗ ಅದು, ಅಲ್ಲಿ ವಾಷರ್ ಆಗುವುದಿಲ್ಲ.

ಕ್ಯಾಲಿಪರ್‌ನ ಎಡ ಬಲ ಗಮನಿಸಿ. ಗಾಳಿ ಬಿಡುವ ಮೂಗು, ಅಂದರೆ ಬ್ಲೀಡರ್, ಮೇಲ್ಗಡೆ ಬರಬೇಕು. ಅದಲು ಬದಲಾದರೂ ಕ್ಯಾಲಿಪರ್ ಕೂರುತ್ತದೆ, ಬೋಲ್ಟೂ ಹಿಡಿಯುತ್ತದೆ. ಆದರೆ ಬ್ಲೀಡರ್ ಕೆಳಗೆ ಹೋಗಿ ಒಳಗಿನ ಗಾಳಿ ಎಷ್ಟು ಸಲ ತೆಗೆದರೂ ಬರುವುದಿಲ್ಲ. ಪೆಡಲ್ ಸ್ಪಂಜಿನ ಹಾಗೇ ಇದೆ ಅಂತ ಮಾಸ್ಟರ್ ಸಿಲಿಂಡರ್‌ವರೆಗೆ ಬದಲಿಸಿ ಸುಸ್ತಾದವರು ಕೊನೆಗೆ ನೋಡುವುದು ಇದನ್ನು. ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ರಬ್ಬರ್ ಬೂಟು ಸರಿಯಾಗಿ ಕೂತಿದೆಯೇ ನೋಡಿ. ಕೆಸರಿನ ಗಾಡಿಯಲ್ಲಿ ಈ ಪಿನ್ನುಗಳೇ ಮೊದಲು ಹಿಡಿದುಕೊಳ್ಳುವುದು.

ಪೈಪಿನ ಕೆಲಸ

ಡ್ರಮ್ಮಿನಲ್ಲಿ ವೀಲ್ ಸಿಲಿಂಡರ್ ಕದಲುವುದಿಲ್ಲ, ಹಾಗಾಗಿ ಗಟ್ಟಿ ಪೈಪು ನೇರವಾಗಿ ಅದಕ್ಕೇ ಬಂದು ಸೇರುತ್ತದೆ. ಕ್ಯಾಲಿಪರ್ ಹಾಗಲ್ಲ, ಪ್ಯಾಡ್ ಸವೆದಂತೆ ಪಿನ್ನಿನ ಮೇಲೆ ಜಾರುತ್ತದೆ. ಅದಕ್ಕೆ ನಡುವೆ ರಬ್ಬರ್ ಹೋಸ್ ಬೇಕೇ ಬೇಕು. ಆಕ್ಸಲ್ ಟ್ಯೂಬ್ ಮೇಲಿನ ಗಟ್ಟಿ ಪೈಪನ್ನು ಸ್ವಲ್ಪ ಗಿಡ್ಡ ಮಾಡಿ, ಅಲ್ಲೊಂದು ಕೊಂಡಿ ಹಾಕಿ ಹೋಸ್ ಸೇರಿಸಿ. ಹೋಸಿನ ಮರೆ (ಥ್ರೆಡ್), ಪೈಪಿನ ನಟ್ಟಿನ ಮರೆ ಒಂದೇ ಅಂತ ಅಂದುಕೊಳ್ಳಬೇಡಿ. ಕೈಯಲ್ಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಹೊಂದುವ ನಟ್ ತಂದು ಪೈಪಿನ ತುದಿಯನ್ನು ಮತ್ತೆ ಫ್ಲೇರ್ ಮಾಡಿ, ಅಂದರೆ ತುತ್ತೂರಿಯ ಹಾಗೆ ಅಗಲಿಸಿ. ಡಬಲ್ ಫ್ಲೇರೇ, ಅಂದರೆ ಅಂಚು ಎರಡು ಪದರ ಮಡಚಿದ್ದೇ, ಆಗಬೇಕು. ನೀರಿನ ಪೈಪಿಗೆ ಹಾಕುವ ಥರದ ಕಂಪ್ರೆಷನ್ ಜಾಯಿಂಟ್ ಬ್ರೇಕಿನಲ್ಲಿ ಎಲ್ಲೂ ಕೂಡದು.

ಹೋಸ್ ಕಟ್ಟಿದ ಮೇಲೆ ಆಕ್ಸಲನ್ನು ಜಾಕಿನಿಂದ ಮೇಲೆತ್ತಿ ಇಳಿಸಿ ನೋಡಿ. ಟೈರಿಗಾಗಲಿ ಸ್ಪ್ರಿಂಗಿಗಾಗಲಿ ತಾಗಬಾರದು. ಆಕ್ಸಲ್ ನಡುವಿನಿಂದ ಬಾಡಿಗೆ ಹೋಗುವ ಹಳೆ ಹೋಸ್ ಕೂಡ ಒಮ್ಮೆ ನೋಡಿ. ಗಾಡಿ ಎತ್ತರ ಮಾಡಿಸಿದ್ದರೆ ಅದು ಗಿಡ್ಡವಾಗಿ ಎಳೆದುಕೊಂಡಿರುತ್ತದೆ.

ಒತ್ತಡ ಹಂಚುವ ವಾಲ್ವ್

ಇಲ್ಲಿ ಸ್ವಲ್ಪ ನಿಂತು ಓದಿ. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಒಂದು ಶೂವನ್ನು ತನ್ನ ಕಡೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ಕಡಿಮೆ ಒತ್ತಡದಲ್ಲಿ ಜಾಸ್ತಿ ಹಿಡಿತ. ಡಿಸ್ಕಿನಲ್ಲಿ ಈ ಎಳೆತ ಇಲ್ಲ, ಅದಕ್ಕೆ ಬೇಕಾದ ಒತ್ತಡ ಜಾಸ್ತಿ. ನಿಮ್ಮ ಗಾಡಿಯ ವಾಲ್ವ್ ಡ್ರಮ್ಮಿನ ಲೆಕ್ಕ ಹಾಕಿ ಹಿಂದಕ್ಕೆ ಹೋಗುವ ಒತ್ತಡವನ್ನು ಕತ್ತರಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ಹಿಂದಿನ ಡಿಸ್ಕ್ ಸುಮ್ಮನೆ ಅಲಂಕಾರಕ್ಕೆ ಕೂತ ಹಾಗಾಗುತ್ತದೆ. ಮುಂದಿನ ಪ್ಯಾಡ್ ಬೇಗ ಸವೆಯುತ್ತದೆ, ಹಿಂದಿನದು ಹೊಸದಾಗಿಯೇ ಇರುತ್ತದೆ.

ಅದಕ್ಕೇ ಝಡ್‌ಜೆಯ ವಾಲ್ವ್ ತರಬೇಕು ಅಂದದ್ದು. ಅದು ನಾಲ್ಕೂ ಚಕ್ರಕ್ಕೆ ಡಿಸ್ಕ್ ಇರುವ ಗಾಡಿಗೇ ಮಾಡಿದ್ದು. ಪೂರ್ತಿ ವಾಲ್ವ್ ಬದಲಿಸಲು ಹೋದರೆ ಪೈಪುಗಳ ಮರೆ ಹೊಂದದೆ ಕಷ್ಟ. ಎರಡರ ತುದಿಯಲ್ಲೂ ಒಂದು ದೊಡ್ಡ ನಟ್ ಇದೆ, ಅದರ ಹಿಂದೆ ಸ್ಪ್ರಿಂಗ್ ಮತ್ತು ಒಂದು ಪುಟ್ಟ ಪಿಸ್ಟನ್. ಝಡ್‌ಜೆಯ ಸ್ಪ್ರಿಂಗ್, ಪಿಸ್ಟನ್‌ಗಳನ್ನು ನಿಮ್ಮ ವಾಲ್ವ್‌ನ ಒಳಗೆ ಹಾಕಿದರೆ ಆಯಿತು. ಕೈ, ಬಟ್ಟೆ, ಮೇಜು ಎಲ್ಲ ಶುಚಿಯಾಗಿರಲಿ. ಒಂದು ನೂಲು ಸಿಕ್ಕಿಕೊಂಡರೂ ವಾಲ್ವ್ ಕೆಡುತ್ತದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಸುತ್ತ ಬಟ್ಟೆ ಹಾಸಿ.

ಇನ್ನೊಂದು ದಾರಿ, ಕೈಯಲ್ಲಿ ತಿರುಗಿಸಿ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವನ್ನು ಹಿಂದಿನ ಲೈನಿನಲ್ಲಿ ಹಾಕುವುದು. ದೊಡ್ಡ ಟೈರ್ ಹಾಕಿದ ಗಾಡಿಗೆ ಇದು ಒಳ್ಳೆಯದು. ಆದರೆ ಒಂದು ವಿಷಯ ನೆನಪಿರಲಿ. ಈ ವಾಲ್ವ್ ಹಿಂದಿನ ಒತ್ತಡವನ್ನು ಕಡಿಮೆ ಮಾಡಬಲ್ಲದೇ ಹೊರತು ಹೆಚ್ಚು ಮಾಡಲಾರದು. ಕಾರ್ಖಾನೆಯ ವಾಲ್ವ್ ಮೊದಲೇ ಕತ್ತರಿಸಿದ ಒತ್ತಡವನ್ನು ಇದು ಇನ್ನಷ್ಟು ಕತ್ತರಿಸುತ್ತದೆ, ಅಷ್ಟೇ. ಹಾಗಾಗಿ ಹಳೆಯದರ ಹಂಚುವ ಭಾಗವನ್ನು ಕೆಲಸದಿಂದ ತೆಗೆದ ಮೇಲೆಯೇ ಇದನ್ನು ಹಾಕಬೇಕು.

ಗಾಳಿ ತೆಗೆಯುವುದು

ಮಾಸ್ಟರ್ ಸಿಲಿಂಡರಿಂದ ದೂರದ ಚಕ್ರ ಮೊದಲು: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಒಬ್ಬರು ಪೆಡಲ್ ನಿಧಾನವಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬ್ಲೀಡರ್ ಬಿಚ್ಚಿ ಮುಚ್ಚಬೇಕು, ಮುಚ್ಚುವವರೆಗೆ ಪೆಡಲ್ ಬಿಡಬಾರದು. ಕ್ಯಾಲಿಪರಿಗೆ ವೀಲ್ ಸಿಲಿಂಡರಿಗಿಂತ ಜಾಸ್ತಿ ಆಯಿಲ್ ಬೇಕು. ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿ ಒಣಗದಂತೆ ತುಂಬುತ್ತಾ ಇರಿ. ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಜೋರಾಗಿ ಒತ್ತಿ ಹಿಡಿದು, ಇನ್ನೊಬ್ಬರು ಟಾರ್ಚ್ ಹಿಡಿದು ಒಂದೊಂದು ಜಾಯಿಂಟನ್ನೂ ನೋಡಲಿ. ಒಂದು ಹನಿ ತೇವ ಕಂಡರೂ ಗಾಡಿ ಇಳಿಸಬೇಡಿ.

ಹ್ಯಾಂಡ್‌ಬ್ರೇಕ್

ಝಡ್‌ಜೆಯ ಡಿಸ್ಕಿನ ನಡುವಿನ ಟೋಪಿಯೊಳಗೆ ಒಂದು ಸಣ್ಣ ಡ್ರಮ್ ಇದೆ, ಹ್ಯಾಂಡ್‌ಬ್ರೇಕಿಗೆ ಮಾತ್ರ. ಹಳೆ ಡ್ರಮ್ಮಿಗಿಂತ ಇದು ಚಿಕ್ಕದು, ಆದ್ದರಿಂದ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಹಿಡಿತ ಹೋಗುತ್ತದೆ. ಕಲ್ಲಿನ ಏರಿನಲ್ಲಿ ಎಂಜಿನ್ ಆಫ್ ಆಗಿ, ಇಳಿದು ವಿಂಚ್ ಕಟ್ಟಬೇಕಾದಾಗ ಗಾಡಿಯನ್ನು ಹಿಡಿದಿಡುವುದು ಇದೊಂದೇ. ಮಾರುಕಟ್ಟೆಯ ಕೆಲವು ಅಗ್ಗದ ಕಿಟ್‌ಗಳಲ್ಲಿ ಹ್ಯಾಂಡ್‌ಬ್ರೇಕೇ ಇರುವುದಿಲ್ಲ. ಅಂಥದ್ದನ್ನು ಮನೆಯವರನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಹಾಕಬೇಡಿ. ವರ್ಜೀನಿಯಾ, ಪೆನ್ಸಿಲ್ವೇನಿಯಾದಂಥ ರಾಜ್ಯಗಳ ವಾರ್ಷಿಕ ತಪಾಸಣೆಯಲ್ಲಿ ಪಾರ್ಕಿಂಗ್ ಬ್ರೇಕ್ ಕೂಡ ನೋಡುತ್ತಾರೆ.

ಮೊದಲು ಲಿವರ್ ಕೆಳಗಿಳಿಸಿ, ಗಾಡಿಯಡಿ ಎರಡು ಕೇಬಲ್ ಸೇರುವ ಕಡೆಯ ನಟ್ಟನ್ನು ಪೂರ್ತಿ ಸಡಿಲಿಸಿ. ಝಡ್‌ಜೆ ಕೇಬಲ್ ಉದ್ದವಾಗಲಿ ಗಿಡ್ಡವಾಗಲಿ ಕಂಡರೆ ಕತ್ತರಿಸುವ ಮೊದಲು ಬೇರೆ ಬೇರೆ ದಾರಿಯಲ್ಲಿ ಹಾಯಿಸಿ ನೋಡಿ. ಎಲ್ಲೂ ಚೂಪಾಗಿ ಬಾಗಬಾರದು, ಸೈಲೆನ್ಸರ್ ಪೈಪಿನ ಹತ್ತಿರ ಹೋಗಬಾರದು. ಈಗ ಬ್ಯಾಕಿಂಗ್ ಪ್ಲೇಟಿನ ಹಿಂದಿನ ಕಿಂಡಿಯಿಂದ ಹಲ್ಲುಚಕ್ರ ತಿರುಗಿಸಿ, ಡಿಸ್ಕ್ ಕೈಯಲ್ಲಿ ತಿರುಗದಷ್ಟು ಶೂ ಬಿಗಿಮಾಡಿ, ಆಮೇಲೆ ಕೆಲವು ಹಲ್ಲು ಹಿಂದಕ್ಕೆ ಬಿಡಿ. ತಿರುಗಿಸಿದರೆ ಸಣ್ಣಗೆ ಸರ್ ಸರ್ ಅಂತ ಸದ್ದು ಬರುವಷ್ಟು ಸಾಕು. ಎರಡೂ ಬದಿ ಒಂದೇ ಥರ ಇರಬೇಕು. ಶೂ ಹೊಂದಿಸಿದ ಮೇಲೆಯೇ ಕೇಬಲ್ ಬಿಗಿಮಾಡಬೇಕು. ಬಹಳ ಜನ ಶೂ ಮುಟ್ಟದೆ ಕೇಬಲ್ ಮಾತ್ರ ಎಳೆಯುತ್ತಾರೆ. ಲಿವರ್ ಬಿಗಿಯಾಗಿ ಕಾಣುತ್ತದೆ, ಗಾಡಿ ಮಾತ್ರ ಇಳಿಜಾರಿನಲ್ಲಿ ಜಾರುತ್ತದೆ.

ಪರೀಕ್ಷೆಗೆ ಒಂದು ಅಳತೆಗೋಲು ಇದೆ. ಅಮೆರಿಕದ ಫೆಡರಲ್ ಬ್ರೇಕ್ ನಿಯಮ 135 ಹೊಸ ವಾಹನಗಳಿಂದ ಕೇಳುವುದು ಇಷ್ಟು: 20 ಶೇಕಡಾ ಇಳಿಜಾರಿನಲ್ಲಿ, ಅಂದರೆ 100 ಅಡಿಗೆ 20 ಅಡಿ ಏರುವ ಕಡೆ, ಮುಖ ಮೇಲಾದರೂ ಕೆಳಗಾದರೂ ಐದು ನಿಮಿಷ ಗಾಡಿ ಕದಲಬಾರದು. ಹಳೆ ಚೆರೋಕಿಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೂ ನಿಮ್ಮ ಗಾಡಿ ಅಷ್ಟು ಹಿಡಿಯಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕಾಲು ಪೆಡಲ್ ಮೇಲೇ ಸಿದ್ಧವಾಗಿಟ್ಟುಕೊಂಡು, ಎದುರಿಗೆ ಯಾರೂ ಇಲ್ಲದ ಕಡೆ ನೋಡಿ.

ರಸ್ತೆಗೆ ಇಳಿಸುವುದು

ಚಕ್ರ ಹಾಕುವಾಗ ರಿಮ್ಮಿನ ಒಳಮೈ ಕ್ಯಾಲಿಪರಿಗೆ ತಾಗುವುದೇ ಅಂತ ಕೈಯಲ್ಲಿ ತಿರುಗಿಸಿ ನೋಡಿ. 15 ಇಂಚಿನ ರಿಮ್ ಸಾಮಾನ್ಯವಾಗಿ ಹಿಡಿಸುತ್ತದೆ. ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ ತಾಗುವುದುಂಟು. ಚಕ್ರದ ನಟ್ಟಿಗೆ 85ರಿಂದ 115 ಅಡಿ-ಪೌಂಡ್.

ಮೊದಲು ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ. ಆಮೇಲೆ ಪ್ಯಾಡ್ ಪಳಗಿಸಬೇಕು: ಸುಮಾರು 50 ಕಿಲೋಮೀಟರ್ ವೇಗದಿಂದ ಮಧ್ಯಮ ಒತ್ತಡದಲ್ಲಿ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಮುಂದೆ ಹೋಗಿ. ಹೀಗೆ ಎಂಟು ಹತ್ತು ಸಲ. ನಂತರ ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ತಣಿಸಿ. ಪ್ಯಾಡ್ ಕಂಪನಿ ಬೇರೆ ರೀತಿ ಹೇಳಿದ್ದರೆ ಹಾಗೇ ಮಾಡಿ.

ಈಗ ಮುಖ್ಯ ಪರೀಕ್ಷೆ. ಜೋರಾಗಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಮೊದಲು ಕಚ್ಚಿ ನಿಲ್ಲಬೇಕು. ಹಿಂದಿನದು ಮೊದಲು ನಿಂತರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಎಕ್ಸ್‌ಜೆಯ ಚಕ್ರಗಳ ನಡುವಿನ ಅಂತರ 2576 ಮಿಲಿಮೀಟರ್, ಅಷ್ಟೇನೂ ಉದ್ದದ ಗಾಡಿಯಲ್ಲ, ತಿರುಗಿಬಿಡಲು ಹೆಚ್ಚು ಹೊತ್ತು ಬೇಡ. ಜಲ್ಲಿ ನೆಲದಲ್ಲಿ ನೋಡಿ ಸರಿಯಿದೆ ಅಂತ ಬಿಡುವವರು ಬಹಳ. ಅದು ಸಾಲದು. ಜಾರುವ ನೆಲದಲ್ಲಿ ಗಾಡಿ ಮೆಲ್ಲಗೆ ನಿಲ್ಲುವುದರಿಂದ ಭಾರ ಮುಂದಕ್ಕೆ ಹೆಚ್ಚು ಸರಿಯುವುದಿಲ್ಲ, ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಉಳಿದಿರುತ್ತದೆ. ಒಣ ಡಾಂಬರಿನಲ್ಲಿ ಜೋರಾಗಿ ನಿಂತಾಗ ಹಿಂಭಾಗ ಹಗುರಾಗುತ್ತದೆ, ಆಗಲೇ ನಿಜ ಗೊತ್ತಾಗುವುದು. ಜಲ್ಲಿಯಲ್ಲಿ ಶುರುಮಾಡಿ, ಆಮೇಲೆ ಖಾಲಿಯಾದ ಒಣ ಡಾಂಬರು ಜಾಗದಲ್ಲಿ, ಗಾಡಿಯಲ್ಲಿ ಸಾಮಾನಿಲ್ಲದೆ, ಕಡಿಮೆ ವೇಗದಿಂದ ಮೇಲಕ್ಕೆ ಹೋಗುತ್ತಾ ನೋಡಿ. ಹೊರಗೆ ದೂರದಲ್ಲಿ ನಿಂತ ಒಬ್ಬರು ಯಾವ ಚಕ್ರ ಮೊದಲು ನಿಂತಿತು ಅಂತ ಹೇಳಲಿ. ಹೊಂದಿಸುವ ವಾಲ್ವ್ ಇದ್ದರೆ ಹಿಂದಿನ ಒತ್ತಡ ಕಡಿಮೆ ಇಟ್ಟು ಆರಂಭಿಸಿ, ಸ್ವಲ್ಪ ಸ್ವಲ್ಪವೇ ಏರಿಸಿ, ಹಿಂದಿನ ಚಕ್ರ ಮೊದಲು ನಿಲ್ಲುವ ಹಂತಕ್ಕೆ ಬಂದರೆ ಒಂದಿಷ್ಟು ಹಿಂದಕ್ಕೆ ಬನ್ನಿ. ಟೈರಿನ ಅಳತೆ ಬದಲಾದರೆ ಈ ಪರೀಕ್ಷೆ ಮತ್ತೆ ಮಾಡಬೇಕು.

ಕೆಸರಿಗೆ ಹೋಗಿ ಬಂದ ದಿನ ಚಕ್ರದ ಒಳಗಿಂದ ನೀರು ಹೊಡೆದು ಕ್ಯಾಲಿಪರ್ ತೊಳೆಯಿರಿ. ಡಿಸ್ಕ್ ಕೆಸರನ್ನು ಹೊರಗೆ ಹಾಕುತ್ತದೆ ನಿಜ, ಆದರೆ ಮರಳು ಕೂಡಿದ ಕೆಸರು ಪ್ಯಾಡನ್ನು ಬೇಗ ತಿನ್ನುತ್ತದೆ. ದಾರಿಯಲ್ಲಿ ಒಮ್ಮೆಲೇ ಕಿರ್ರೆಂದು ಕರ್ಕಶ ಸದ್ದು ಬಂದರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರುವುದೇ ಹೆಚ್ಚು. ಸ್ವಲ್ಪ ಹಿಂದಕ್ಕೆ ಓಡಿಸಿದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ಮೊದಲ 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಟಾರ್ಕ್ ವ್ರೆಂಚಿನಿಂದ ನೋಡಿ. ಡಿಫರೆನ್ಷಿಯಲ್ ಕವರ್, ಹೋಸಿನ ಜಾಯಿಂಟ್‌ಗಳಲ್ಲಿ ಸೋರಿಕೆ ಇದೆಯೇ ಅಂತ ಕಾಗದ ಒತ್ತಿ ಪರೀಕ್ಷಿಸಿ. ಕೇಬಲ್ ಆ ಹೊತ್ತಿಗೆ ಸ್ವಲ್ಪ ಎಳೆದುಕೊಂಡಿರುತ್ತದೆ. ಮತ್ತೆ ಶೂ ಹೊಂದಿಸಿ, ಆಮೇಲೆ ಕೇಬಲ್ ಬಿಗಿಮಾಡಿ, ಅದೇ ಇಳಿಜಾರಿನಲ್ಲಿ ಇನ್ನೊಮ್ಮೆ ನಿಲ್ಲಿಸಿ ನೋಡಿ.